ಕಡೆಯ ಪುಟ ಓದುತ್ತಿದ್ದ ಅಕ್ಕ

ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಮ್ಯಾನೇಜರರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಅಕ್ಕ. ಈಗ ಬರೆಯಲು ಕೂತಾಗಲೂ ಹೆಸರು ಬರೆಯಲು ಮನಸ್ಸು ಬರುವುದಿಲ್ಲ. ಬರೆದರೆ ಬೇರೆ ಯಾರದೋ ವಿಷಯ ಹೇಳಿದ ಹಾಗಾಗುತ್ತದೆ. ತೀರಿಕೊಂಡಾಗ ಅವರಿಗೆ ನಲವತ್ತೈದು ದಾಟಿರಲಿಲ್ಲ. ಹೊಟ್ಟೆಯ ಕಾಯಿಲೆ. ಗೊತ್ತಾದ ಮೇಲೆ ನಾಲ್ಕು ತಿಂಗಳು ಇದ್ದರು. ಸುದ್ದಿ ಬಂದ ದಿನ ಆಫೀಸಿನಲ್ಲಿ ನಾವೆಲ್ಲ ಎರಡು ನಿಮಿಷ ಎದ್ದು ನಿಂತೆವು, ಆಮೇಲೆ ಚಾ ಬಂತು. ನಾನೂ ಕುಡಿದೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಳಬೇಕಾಗಿದ್ದವನು ನಾನು, ಆದರೆ ಎಲ್ಲರಂತೆ ಗ್ಲಾಸು ತೊಳೆದಿಟ್ಟು ಕೆಲಸಕ್ಕೆ ಕೂತೆ.

ಪಣಂಬೂರಿನ ಆ ಕಾರ್ಖಾನೆಗೆ ನಾನು ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಕಾರ್ಖಾನೆಯ ಹೆಸರೂ ಬೇಡ. ಕಂಪ್ಯೂಟರ್ ಸೆಕ್ಷನ್ ಎಂದರೆ ಗಾಜಿನ ಬಾಗಿಲಿನ ಒಂದು ಕೋಣೆ, ಒಳಗೆ ಬೀರುವಿನಷ್ಟು ದೊಡ್ಡ ಯಂತ್ರ, ಮೂರು ಟರ್ಮಿನಲ್, ಒಂದು ಪ್ರಿಂಟರ್. ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಕ್ಕೆ ಬಿಸಿ ಆಗಬಾರದೆಂದು ಏಸಿ ಹಾಕಿರುತ್ತಿದ್ದರು. ಅಕ್ಕನಿಗೆ ಆ ಚಳಿ ತಡೆಯಲು ಆಗುತ್ತಿರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಇಡೀ ಮಂಗಳೂರಿನಲ್ಲಿ ಸ್ವೆಟರ್ ಹಾಕಿಕೊಳ್ಳುವ ಒಬ್ಬರೇ ಹೆಂಗಸು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕಂದು ಬಣ್ಣದ ಆ ಸ್ವೆಟರಿನ ಮೊಣಕೈಯಲ್ಲಿ ತೂತು ಬಿದ್ದಿತ್ತು. ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿ ಮನೆಗೆ ಹೋಗುತ್ತಿದ್ದರು.

ಅವರು ಮೊದಲು ಅದೇ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದವರು. ಯಂತ್ರ ಬಂದಾಗ ಯಾರನ್ನು ಕೂರಿಸುವುದೆಂದು ಗೊತ್ತಾಗದೆ, ತಪ್ಪಿಲ್ಲದೆ ಟೈಪ್ ಮಾಡುವವರು ಎಂದು ಇವರನ್ನು ಕೂರಿಸಿದರು. ಟೈಪ್‌ರೈಟರಿನ ಅಭ್ಯಾಸ ಅವರನ್ನು ಬಿಟ್ಟಿರಲೇ ಇಲ್ಲ. ಸಾಲು ಮುಗಿಯುತ್ತ ಬಂದಾಗ ಅವರ ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಸರಳೊಂದನ್ನು ಬಲಕ್ಕೆ ದೂಡಿ, ಪುನಃ ಕೀಬೋರ್ಡಿಗೆ ಬರುತ್ತಿತ್ತು. ದಿನಕ್ಕೆ ನೂರು ಸಲವಾದರೂ ಹಾಗೆ ಗಾಳಿಯನ್ನು ದೂಡುತ್ತಿದ್ದರು. ನಾನು ಒಮ್ಮೆ ನಕ್ಕದ್ದಕ್ಕೆ, "ನಗು ಮಾರಾಯ. ಹತ್ತು ವರ್ಷ ಅನ್ನ ಕೊಟ್ಟ ಕೈ ಅದು, ಸುಮ್ಮನೆ ಇರು ಅಂದ್ರೆ ಇರ್ತದಾ?" ಎಂದಿದ್ದರು.

ಅವರ ಮುಖ್ಯ ಕೆಲಸ ಫೈಲುಗಳ ಸೈಜ್ ನೋಡಿಕೊಳ್ಳುವುದು. ಈಗಿನವರಿಗೆ ಇದು ವಿಚಿತ್ರ ಅನಿಸಬಹುದು. ಆ ಯಂತ್ರದಲ್ಲಿ ಫೈಲು ತಾನಾಗಿ ಬೆಳೆಯುತ್ತಿರಲಿಲ್ಲ. ಇದು ಇಷ್ಟು ಸಾಲಿನ ಫೈಲು ಎಂದು ಮೊದಲೇ ಹೇಳಿ ಜಾಗ ಹಿಡಿದಿಡಬೇಕಿತ್ತು. ಜಾಗ ಸಾಲದೆ ಬಂದರೆ ದೊಡ್ಡದು ಮಾಡಬೇಕು, ಡಿಸ್ಕ್ ತುಂಬಿದರೆ ಯಾವುದನ್ನಾದರೂ ಸಣ್ಣದು ಮಾಡಬೇಕು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ: ಒಂದು ಕಮಾಂಡ್, ಫೈಲಿನ ಹೆಸರು, ಹೊಸ ಸೈಜ್, ಆಮೇಲೆ ರಿಟರ್ನ್ ಕೀ. ಅಷ್ಟೇ. ದೊಡ್ಡ ಸಂಖ್ಯೆ ಕೊಟ್ಟರೆ ಕೊನೆಯಲ್ಲಿ ಖಾಲಿ ಸಾಲುಗಳು ಸೇರುತ್ತಿದ್ದವು. ಸಣ್ಣ ಸಂಖ್ಯೆ ಕೊಟ್ಟರೆ ಕೊನೆಯ ಸಾಲುಗಳು ಹೋಗುತ್ತಿದ್ದವು, ಅವುಗಳಲ್ಲಿ ಏನೇ ಇದ್ದರೂ.

"ಇದು ಕೇಳುದಿಲ್ಲ ಗೊತ್ತುಂಟಾ, ನಿಜವಾಗಿ ಬೇಕಾ ಅಂತ," ಎಂದು ಅಕ್ಕ ಮೊದಲ ವಾರವೇ ನನಗೆ ಹೇಳಿದ್ದರು. "ಹೇಳಿದ್ದು ಮಾಡ್ತದೆ. ಮನುಷ್ಯರಾದ್ರೆ ಒಂದು ಮಾತು ಕೇಳ್ತಾರೆ."

ಆದ್ದರಿಂದ ಕೇಳುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದರು. ಯಾವ ಫೈಲನ್ನು ಸಣ್ಣದು ಮಾಡುವುದಿದ್ದರೂ ಮೊದಲು ಅದರ ಕಡೆಯ ಪುಟವನ್ನು ಪ್ರಿಂಟ್ ತೆಗೆಯುತ್ತಿದ್ದರು. ಕಾಗದದ ಮೇಲೆ ಅಡಿಕೋಲು ಇಟ್ಟು, ಒಂದೊಂದು ಸಾಲು ಕೆಳಗೆ ಸರಿಸುತ್ತ, ತುಟಿ ಅಲ್ಲಾಡಿಸಿ ಓದುತ್ತಿದ್ದರು. "ಕಡೆಗೆ ಯಾರಿದ್ದಾರೆ ಅಂತ ನೋಡು. ಆಮೇಲೆ ಕತ್ತರಿಸು," ಎನ್ನುತ್ತಿದ್ದರು. ದೊಡ್ಡದು ಮಾಡುವಾಗ ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಅಮ್ಮ ಲಂಗ ಹೊಲಿಸುವಾಗ ಕೆಳಗೆ ಎರಡು ಮಡಿಕೆ ಹಾಕಿಸುತ್ತಿದ್ದರಂತೆ, ಮಗಳು ಉದ್ದ ಆದ ಹಾಗೆ ಬಿಡಿಸಲು. ಫೈಲಿಗೂ ಹಾಗೇ ಎಂದು ಹೇಳುತ್ತಿದ್ದರು. ಸೆಕ್ಷನ್ ಆಫೀಸರ್ ಮಾತ್ರ ಜಾಗ ಹಾಳು ಮಾಡುತ್ತೀರಿ ಎಂದು ಗೊಣಗುತ್ತಿದ್ದರು.

ನಾನು ಇಪ್ಪತ್ತಮೂರರವ, ಡಿಪ್ಲೊಮಾ ಮುಗಿಸಿ ಬಂದವ, ಕಂಪ್ಯೂಟರ್ ಕಲಿತವ ನಾನೇ ಎಂಬ ಜಂಬ ಬೇರೆ. ಅಡಿಕೋಲು ಹಿಡಿದು ಓದುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಹಾಜರಿ ನೋಡುವ ಟೈಮ್ ಆಫೀಸಿನಿಂದ ಬರುವ ಪಟ್ಟಿಯಲ್ಲಿ ಎಷ್ಟು ಸಾಲು ಎಂದು ಬರೆದೇ ಇರುತ್ತದೆ, ಆ ಸಂಖ್ಯೆ ಹೊಡೆದರೆ ಮುಗಿಯಿತು. ಇದನ್ನು ಅವರಿಗೆ ಹೇಳಿಯೂ ಹೇಳಿದೆ. "ಆ ಪಟ್ಟಿ ಬರೆದವರೂ ನಮ್ಮ ಹಾಗೆಯೇ ಅಲ್ವಾ, ಊಟದ ಹೊತ್ತು ನೋಡ್ತಾ ಬರೆದಿರ್ತಾರೆ," ಎಂದು ನಕ್ಕರು.

ಆ ವರ್ಷ ಗುತ್ತಿಗೆ ಕೆಲಸದವರಲ್ಲಿ ಕೆಲವರನ್ನು ಕಾಯಂ ಮಾಡುವುದೆಂದು ತೀರ್ಮಾನವಾಗಿತ್ತು. ಲಾರಿಗೆ ಮೂಟೆ ಹೇರುವವರು, ಯಾರ್ಡ್ ಗುಡಿಸುವವರು. ಯಾರು ಎಷ್ಟು ದಿನ ದುಡಿದಿದ್ದಾರೆ ಎಂಬ ಫೈಲು ನಮ್ಮಲ್ಲಿತ್ತು, ಒಬ್ಬನಿಗೆ ಒಂದು ಸಾಲು. ದಿನ ಸಾಕಷ್ಟಿದ್ದವರ ಹೆಸರು ಆ ಫೈಲಿನಿಂದಲೇ ಮೇಲಿನ ಆಫೀಸಿಗೆ ಹೋಗಬೇಕು. ಒಬ್ಬ ಹಳೆ ಗುತ್ತಿಗೆದಾರ ಕೆಲಸ ಬಿಟ್ಟು ಮುಂಬಯಿಗೆ ಹೊರಟದ್ದರಿಂದ ಅವನ ಕೈಕೆಳಗಿದ್ದ ಹತ್ತೊಂಬತ್ತು ಜನರನ್ನು ಅಕ್ಕ ಹೊಸದಾಗಿ ಫೈಲಿನ ಕೊನೆಗೆ ಸೇರಿಸಿದ್ದರು, ಅವನ ಹಾಜರಿ ಪುಸ್ತಕ ನೋಡಿ. ಪುಸ್ತಕವನ್ನು ಅವನು ಹೋಗುವಾಗ ತೆಗೆದುಕೊಂಡು ಹೋದ.

ಅದೇ ವಾರ ಅಕ್ಕನ ತಂದೆ ತೀರಿಕೊಂಡರು. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿಸಿ ಬರುವುದಕ್ಕೆ ಎರಡು ವಾರ ಬೇಕು. ಸೈಜ್ ಬದಲಾಯಿಸುವ ಅಧಿಕಾರ ಅವರ ಪಾಸ್‌ವರ್ಡಿಗೆ ಮಾತ್ರ ಇದ್ದದ್ದು. ಹೋಗುವ ಮೊದಲು ಅದನ್ನು ಚೀಟಿಯಲ್ಲಿ ಬರೆದು ನನಗೆ ಕೊಟ್ಟರು. "ಕಡೆಯ ಪುಟ ನೋಡದೆ ಎಂತದೂ ಮಾಡಬೇಡ ಆಯ್ತಾ," ಎಂದರು. ಆಯಿತು ಅಂದೆ.

ಒಂದು ಶುಕ್ರವಾರ ಸಂಜೆ ಡಿಸ್ಕ್ ತುಂಬಿತು. ನನ್ನ ಬಸ್ಸಿಗೆ ಹತ್ತು ನಿಮಿಷ ಇತ್ತು. ಪ್ರಿಂಟರಿನಲ್ಲಿ ಬೇರೆ ಯಾವುದೋ ಉದ್ದದ ಪಟ್ಟಿ ಹೋಗುತ್ತಿತ್ತು, ಅದು ಮುಗಿಯದೆ ಕಡೆಯ ಪುಟ ತೆಗೆಯಲಾಗದು. ಗುತ್ತಿಗೆಯವರ ಫೈಲಿನಲ್ಲಿ ಅಕ್ಕ ಯಾವಾಗಿನಂತೆ ತುಂಬ ಜಾಗ ಬಿಟ್ಟಿರುವುದು ಕಾಣಿಸಿತು. ಟೈಮ್ ಆಫೀಸಿನ ಪಟ್ಟಿಯಲ್ಲಿದ್ದ ಸಂಖ್ಯೆ ಹೊಡೆದು ರಿಟರ್ನ್ ಒತ್ತಿದೆ. ಆಮೇಲೆ ವಾರದ ಕೆಲಸವೆಂದು ಎಲ್ಲವನ್ನೂ ಟೇಪಿಗೆ ನಕಲು ತೆಗೆದೆ. ನಮ್ಮಲ್ಲಿ ಟೇಪಿಗೆ ಬರ, ಹಳೆಯ ವಾರದ್ದರ ಮೇಲೆಯೇ ಹೊಸದನ್ನು ಬರೆಯುವುದು. ಬಸ್ಸು ಸಿಕ್ಕಿತು.

ಟೈಮ್ ಆಫೀಸಿನ ಪಟ್ಟಿ ಹಿಂದಿನ ತಿಂಗಳದ್ದಾಗಿತ್ತು. ಅದರಲ್ಲಿ ಆ ಹತ್ತೊಂಬತ್ತು ಜನ ಇರಲಿಲ್ಲ.

ಅಕ್ಕ ಬಂದವರೇ ಸ್ವೆಟರ್ ಹಾಕಿಕೊಂಡು, ಆ ಫೈಲಿನ ಕಡೆಯ ಪುಟ ತೆಗೆದು, ಅಡಿಕೋಲು ಇಟ್ಟು ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. "ಕಡೆಯವ ಇವನಲ್ಲ," ಎಂದರು. "ಕಡೆಯವ ಶೀನ. ದೇರೆಬೈಲಿನವ. ನಾನೇ ಹಾಕಿದ್ದು." ನನ್ನ ಮುಖ ನೋಡಿದರು. ನಾನು ಹೇಳಬೇಕಾಗಿ ಬರಲಿಲ್ಲ. ಅವರು ಬಯ್ಯಲಿಲ್ಲ, ಟೇಪ್ ಯಾವಾಗ ತೆಗೆದೆ ಎಂದು ಮಾತ್ರ ಕೇಳಿದರು. ಹೇಳಿದೆ. ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

ಆವರೆಗೆ ಅವರು ಓದಿ ಬಿಸಾಡಿದ ಕಡೆಯ ಪುಟಗಳು ಎಲ್ಲಾದರೂ ಇವೆಯೇ ಎಂದು ಮೊದಲು ಹುಡುಕಿದೆವು. ನಮ್ಮ ಹಳೆ ಪ್ರಿಂಟ್ ಕಾಗದವೆಲ್ಲ ಕ್ಯಾಂಟೀನಿಗೆ ಹೋಗಿ ಗೋಳಿಬಜೆ ಕಟ್ಟುವುದಕ್ಕೆ ಆಗುತ್ತಿತ್ತು. ಅಕ್ಕ ಕ್ಯಾಂಟೀನಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ರಾಶಿ ಕಾಗದ ಬಿಡಿಸಿ ನೋಡಿದರು. ಸಿಗಲಿಲ್ಲ. ಮೇಲಿನ ಆಫೀಸಿಗೆ ಪಟ್ಟಿ ಕಳಿಸಲು ಹತ್ತು ದಿನ ಇತ್ತು.

ಸೆಕ್ಷನ್ ಆಫೀಸರರಿಗೆ ತಿಳಿಸಿದಾಗ ಅವರು ಬಾಗಿಲು ಹಾಕಿಸಿ ಮೆಲ್ಲ ಹೇಳಿದರು, "ಎಂತ ಅಕ್ಕ, ಗುತ್ತಿಗೆಯವರು. ಹೆಸರು ಇತ್ತು ಅಂತ ಅವರಿಗೇ ಗೊತ್ತಿಲ್ಲ. ಸುಮ್ಮನೆ ಬಿಟ್ಟುಬಿಡಿ." ಅಕ್ಕ "ನೋಡ್ತೇನೆ ಸರ್" ಎಂದು ಹೊರಗೆ ಬಂದು, ನೆನಪಿದ್ದಷ್ಟು ಹೆಸರು ಒಂದು ಕಾಗದದಲ್ಲಿ ಬರೆಯಲು ಕೂತರು. ಹತ್ತೊಂಬತ್ತೂ ನೆನಪಿತ್ತು. ದಿನಗಳ ಲೆಕ್ಕಕ್ಕೆ ಮಾತ್ರ ಸಾಕ್ಷಿ ಬೇಕು.

ಗುತ್ತಿಗೆಯವರಿಗೆ ದಿನಾ ಬೆಳಿಗ್ಗೆ ಗೇಟಿನಲ್ಲಿ ಒಂದು ಗುಲಾಬಿ ಚೀಟಿ ಕೊಡುತ್ತಿದ್ದರು, ತಾರೀಕಿನ ಮುದ್ರೆ ಹೊಡೆದು. ಅರ್ಧ ಕ್ಯಾಂಟೀನಿನಲ್ಲಿ ಹರಿದುಕೊಳ್ಳುತ್ತಿದ್ದರು, ಅರ್ಧ ಅವರ ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ಯಾರಾದರೂ ಇಟ್ಟುಕೊಂಡಿರಬಹುದು ಎಂಬ ಒಂದೇ ಆಸೆಯಿಂದ ಅಕ್ಕ ಮನೆ ಮನೆಗೆ ಹೊರಟರು, ಜೊತೆಗೆ ನಾನು. ಸಂಜೆ ಕೆಲಸ ಬಿಟ್ಟ ಮೇಲೆ, ಭಾನುವಾರ ಇಡೀ ದಿನ, ಸಿಟಿ ಬಸ್ಸಿನಲ್ಲಿ ಅಲೆದೆವು. ಒಬ್ಬನ ಹೆಂಡತಿ ಎಲ್ಲ ಚೀಟಿಗಳನ್ನು ತಂತಿಗೆ ಚುಚ್ಚಿ ದೇವರ ಪಟದ ಹಿಂದೆ ನೇತು ಹಾಕಿದ್ದಳು. ಇನ್ನೊಬ್ಬ ಬಿಸ್ಕಿಟಿನ ಡಬ್ಬಿ ತುಂಬ ಇಟ್ಟುಕೊಂಡಿದ್ದ, ಯಾಕೆ ಎಂದು ಅವನಿಗೂ ಗೊತ್ತಿಲ್ಲ. ಅಕ್ಕ ಚಾವಡಿಯಲ್ಲಿ ಕೂತು ಚೀಟಿ ಎಣಿಸುವಾಗ ಎಡಗೈ ಮೇಲೆದ್ದು ಗಾಳಿಯನ್ನು ದೂಡುತ್ತಿತ್ತು. ಹೇಗೋ ಹದಿನೆಂಟು ಜನರದ್ದು ಸೇರಿತು.

ಉಳಿದವನು ಶೀನ. ಅವನ ಮನೆಗೆ ಹೋದಾಗ ಅವನಿರಲಿಲ್ಲ, ಹೆಂಡತಿ ಇದ್ದಳು, ಹಸುಗೂಸನ್ನು ಎತ್ತಿಕೊಂಡು. ಚೀಟಿ ಉಂಟಾ ಎಂದು ಅಕ್ಕ ಕೇಳಿದರು. ತುಳುವಿನಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಗುಲಾಬಿಯದ್ದಾ? ಇತ್ತಲ್ಲ, ತುಂಬಾ ಇತ್ತು. ಒಲೆ ಹೊತ್ತಿಸ್ಲಿಕ್ಕೆ ಒಳ್ಳೆದಾಗ್ತಿತ್ತು," ಎಂದಳು. ನಮ್ಮ ಮುಖ ನೋಡಿ, ಏನೋ ಆಗಬಾರದ್ದು ಆಗಿದೆ ಎಂದು ಅವಳಿಗೆ ಗೊತ್ತಾಯಿತು. "ಬೇಕಿತ್ತಾ ಅಕ್ಕ ಅದು?" ಎಂದು ಕೇಳಿದಳು.

"ಇಲ್ಲ ಮಗಾ, ಸುಮ್ಮನೆ ಕೇಳಿದ್ದು," ಎಂದರು ಅಕ್ಕ.

ಬಸ್ ಸ್ಟಾಪಿನಲ್ಲಿ ನಿಂತಾಗ ಅವರು ತಮ್ಮ ತಂದೆಯ ವಿಷಯ ಹೇಳಿದರು. ಅದೊಂದೇ ಸಲ. ಅವರದು ಭೂಮಿ ಇದ್ದ ದೊಡ್ಡ ಮನೆತನ. ಎಪ್ಪತ್ತರ ದಶಕದಲ್ಲಿ ಉಳುವವನಿಗೇ ಹೊಲ ಎಂದು ಕಾನೂನು ಬಂದು, ಒಕ್ಕಲುಗಳೆಲ್ಲ ಗದ್ದೆ ತಮಗೆ ಸೇರಬೇಕೆಂದು ಡಿಕ್ಲರೇಶನ್ ಹಾಕಿದರು. ಒಬ್ಬ ಒಕ್ಕಲಿನ ಹತ್ತಿರ ಗೇಣಿಯ ರಶೀದಿ ಇರಲಿಲ್ಲ, ಯಾಕೆಂದರೆ ತಂದೆ ಯಾರಿಗೂ ರಶೀದಿ ಕೊಡುತ್ತಿರಲಿಲ್ಲ. ಭೂ ನ್ಯಾಯಮಂಡಳಿಯವರು ಕೇಳಿದಾಗ ತಂದೆ, ಇವ ನಮ್ಮಲ್ಲಿ ಕೂಲಿಗೆ ಬರುತ್ತಿದ್ದವ ಎಂದುಬಿಟ್ಟರು. ಗದ್ದೆ ಅವನಿಗೆ ಸಿಗಲಿಲ್ಲ.

"ನಾನು ಪಕ್ಕದಲ್ಲೇ ಇದ್ದೆ ಮಾರಾಯ. ಕಾಗದ ಪತ್ರ ನೋಡ್ಲಿಕ್ಕೆ ಅಂತ ನನ್ನನ್ನು ಕರ್ಕೊಂಡು ಹೋದದ್ದು. ಪ್ರತಿ ಕೊಯ್ಲಿಗೂ ಅವ ಗೇಣಿ ಅಕ್ಕಿ ತಂದು ಹಾಕುದನ್ನು ನೋಡಿದವಳು ನಾನು. ಬಾಯಿ ಬಿಡ್ಲಿಲ್ಲ. ಅವ ಮಂಡಳಿಯವರನ್ನು ನೋಡ್ಲಿಲ್ಲ, ಅಪ್ಪನನ್ನು ನೋಡ್ಲಿಲ್ಲ. ನನ್ನನ್ನೇ ನೋಡಿದ."

ಬಸ್ಸು ಬಂತು. ಹೆಂಗಸರ ಸೀಟಿನಲ್ಲಿ ಹೋಗಿ ಕೂತರು. ನಾನು ಹಿಂದೆ ನಿಂತು ಅವರ ಜಡೆಯನ್ನೇ ನೋಡುತ್ತಿದ್ದೆ. ಆ ಹೊತ್ತಿಗೆ ನನಗೆ ಆ ಒಕ್ಕಲಿನ ಮೇಲೆ ಕನಿಕರ ಬಂದದ್ದು ನಿಜ. ನನ್ನ ವಿಷಯವನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವಷ್ಟು ಬುದ್ಧಿ ಬಂದಿರಲಿಲ್ಲ, ಅಥವಾ ಇಟ್ಟು ನೋಡಲು ಇಷ್ಟವಿರಲಿಲ್ಲ.

ಮರುದಿನ ಅಕ್ಕ ಒಂದು ಹೇಳಿಕೆ ಬರೆದು ಸಹಿ ಹಾಕಿದರು. ಫೈಲಿನ ಕಡೆಯ ಸಾಲಿನಲ್ಲಿ ಶೀನನ ಹೆಸರು ಇತ್ತು, ಕಾಯಂ ಆಗಲು ಬೇಕಾದಷ್ಟು ದಿನಗಳಿದ್ದವು, ನಾನೇ ಓದಿದ್ದೇನೆ ಎಂದು. ಆಫೀಸರ್ ಅದನ್ನು ಓದಿ ಮೇಜಿನ ಮೇಲಿಟ್ಟು, "ನಿಮ್ಮ ನೆನಪಿಗೆ ಸೀಲ್ ಉಂಟಾ ಅಕ್ಕ?" ಎಂದು ಕೇಳಿದರು. ಅಕ್ಕ ಬಿಡಲಿಲ್ಲ, ಮೇಲಕ್ಕೆ ಕಳಿಸಲೇಬೇಕು ಎಂದು ಕೂತರು. ಕಳಿಸಬೇಕಾದರೆ ಸಾಲು ಹೇಗೆ ಹೋಯಿತು ಎಂದೂ ಬರೆಯಬೇಕು, ಮಾಡಿದ್ದು ಯಾರು ಎಂದು ಆಫೀಸರ್ ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು.

"ಕಮಾಂಡ್ ನನ್ನ ಪಾಸ್‌ವರ್ಡಿನಲ್ಲಿ ಹೋಗಿದೆ ಸರ್. ಅದನ್ನು ಬೇರೆಯವರಿಗೆ ಕೊಟ್ಟವಳು ನಾನು. ನನ್ನ ಹೆಸರು ಬರೆಯಿರಿ," ಎಂದರು.

ಆಫೀಸರ್ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ನಾನು ನೆಲ ನೋಡಿದೆ. ಅವರಿಗೂ ಒಬ್ಬರ ಹೆಸರು ಸಾಕಿತ್ತು, ಬರೆದುಕೊಂಡರು.

ಹದಿನೆಂಟು ಜನ ಕಾಯಂ ಆದರು. ಶೀನನದ್ದು ದಾಖಲೆ ಇಲ್ಲ ಎಂದು ವಾಪಸು ಬಂತು. ಹೊಸ ಗುತ್ತಿಗೆದಾರ ಎರಡು ತಿಂಗಳಲ್ಲಿ ಅವನನ್ನು ಕೆಲಸದಿಂದ ತೆಗೆದ. ಅಕ್ಕನನ್ನು ಕಂಪ್ಯೂಟರ್ ಕೋಣೆಯಿಂದ ತೆಗೆದು ಟಪಾಲು ಸೆಕ್ಷನ್ನಿಗೆ ಹಾಕಿದರು. ಅಲ್ಲಿ ಅವರ ಕೆಲಸ ಕವರಿಗೆ ಗೋಂದು ಹಚ್ಚುವುದು, ಸ್ಟಾಂಪು ಅಂಟಿಸುವುದು. ಅಲ್ಲಿ ಏಸಿ ಇರಲಿಲ್ಲವಾದ್ದರಿಂದ ಸ್ವೆಟರ್ ನಮ್ಮ ಬಾಗಿಲ ಹಿಂದೆಯೇ ಉಳಿಯಿತು, ಅವರು ಕೇಳಲಿಲ್ಲ, ನಾನೂ ತೆಗೆದುಕೊಂಡು ಹೋಗಿ ಕೊಡಲಿಲ್ಲ. ಅವರ ಕುರ್ಚಿಯಲ್ಲಿ ನಾನು ಕೂತೆ.

ನಿನ್ನ ಹೆಸರು ಹೋದದ್ದು ಅಕ್ಕನ ಕೈಯಿಂದ ಎಂದು ಯಾರೋ ಶೀನನಿಗೆ ಹೇಳಿದ್ದರು. ಒಮ್ಮೆ ಗೇಟಿನ ಹೊರಗೆ ನಿಂತು ಅವರಿಗೆ ಬೈದನಂತೆ, ವಾಚ್‌ಮನ್ ಹೇಳಿದ. ಮರುದಿನ ಟಪಾಲು ಸೆಕ್ಷನ್ನಿಗೆ ಹೋಗಿ, ಅವನಿಗೆ ನಾನೇ ಹೇಳಿಬಿಡುತ್ತೇನೆ ಅಕ್ಕ ಎಂದೆ.

ಅವರು ಸ್ಟಾಂಪು ಅಂಟಿಸುತ್ತಲೇ ಇದ್ದರು. "ಬೇಡ. ಅವನಿಗೆ ಸಿಟ್ಟು ಮಾಡ್ಲಿಕ್ಕೆ ಒಬ್ಬರು ಸಾಕು. ನಿನ್ನ ಕೆಲಸ ಹೋದ್ರೆ ಅವನ ಕೆಲಸ ಬರ್ತದಾ? ಹೋಗು, ಅಲ್ಲಿ ಯಾರೂ ಇಲ್ಲ ಈಗ," ಎಂದರು. ಇನ್ನೊಂದು ಕವರು ಎತ್ತಿಕೊಂಡು, "ಕಡೆಯ ಪುಟ ನೋಡ್ತೀಯಲ್ಲ?" ಎಂದು ಕೇಳಿದರು.

"ನೋಡ್ತೇನೆ ಅಕ್ಕ."

ಅವರ ಮಾತಿಗೆ ನನಗೆ ದುಃಖವಾಗಲಿಲ್ಲ, ಸಮಾಧಾನವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ದೊಡ್ಡವರು ಬೇಡ ಅಂದಿದ್ದಾರೆ ಎಂಬುದನ್ನು ಹಿಡಿದುಕೊಂಡು ಮೂರು ವರ್ಷ ಕಳೆದೆ. ಪ್ರೊಬೇಷನ್ ಮುಗಿಯಿತು, ಒಂದು ಪ್ರಮೋಷನ್ನೂ ಆಯಿತು. ಕಾಯಿಲೆ ಬಿದ್ದಾಗ ಉರ್ವದಲ್ಲಿ ಅವರ ತಂಗಿಯ ಮನೆಗೆ ಎರಡು ಸಲ ಹೋದೆ. ಎರಡನೆಯ ಸಲ ಅವರಿಗೆ ಮಾತಾಡಲು ತ್ರಾಣವಿರಲಿಲ್ಲ. ಹಾಸಿಗೆಯ ಮೇಲೆ ಎಡಗೈ ಮಾತ್ರ ಒಮ್ಮೆ ಸ್ವಲ್ಪ ಎದ್ದು ಪಕ್ಕಕ್ಕೆ ಹೋಗಿ ಬಿತ್ತು. ತಂಗಿ ಹೊದಿಕೆ ಸರಿಮಾಡಿದರು. ಆಗಲಾದರೂ ಒಂದು ಮಾತು, ತಪ್ಪಾಯಿತು ಎಂದು ಕಿವಿಯ ಹತ್ತಿರ ಹೇಳಬಹುದಿತ್ತು. ತಂಗಿ ಇದ್ದಾರಲ್ಲ ಎಂದು ಹೇಳದೆ ಬಂದೆ.

ಅವರು ಹೋದ ಮುಂದಿನ ಭಾನುವಾರ ಶೀನನನ್ನು ಹುಡುಕಿಕೊಂಡು ಹೋದೆ. ಹಳೆ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಭಾನುವಾರವೂ ಲಾರಿ ನಿಂತಿತ್ತು. ನನ್ನನ್ನು ನೋಡಿ ಗುರುತು ಸಿಕ್ಕಿ ನಕ್ಕ, ಅದೇ ಕಷ್ಟವಾಯಿತು. ಅಕ್ಕ ತೀರಿಹೋದರು ಎಂದೆ. ಗೊತ್ತು ಎಂದ. ಆಮೇಲೆ ಎಲ್ಲ ಹೇಳಿದೆ: ಕಮಾಂಡ್ ಹೊಡೆದದ್ದು ನಾನು, ಅಕ್ಕ ಆ ದಿನ ಆಫೀಸಿನಲ್ಲೇ ಇರಲಿಲ್ಲ, ನಿನಗಾಗಿ ಹೇಳಿಕೆ ಬರೆದು ಕೊಟ್ಟು ತಮ್ಮ ಕುರ್ಚಿ ಕಳೆದುಕೊಂಡರು. ಅವನು ಹೆಗಲಿನ ಬೈರಾಸು ತೆಗೆದು ಮುಖ ಒರೆಸಿದ, ಕತ್ತು ಒರೆಸಿದ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ.

"ಕೆಲಸದ್ದು ಬಿಡಿ ಸಾರ್. ಅದು ಹೋಯ್ತು," ಎಂದ.

ಗೋಣಿಯ ರಾಶಿಯ ಮೇಲೆ ಕೂತು, ನನ್ನನ್ನು ನೋಡದೆ ಹೇಳಿದ. "ಹೋದ ವರ್ಷ ಒಂದು ದಿನ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ತುಂಬಾ ರಶ್ಶು. ಅಕ್ಕ ಸೀಟಿನಲ್ಲಿದ್ರು. ಮಗುವನ್ನು ಇಲ್ಲಿ ಕೊಡು ಅಂತ ಎರಡೂ ಕೈ ಚಾಚಿದ್ರು. ಮಗು ಹೋಗ್ಲಿಕ್ಕೆ ನೋಡಿತು. ನಾನು ಬಿಡ್ಲಿಲ್ಲ. ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಆಚೆ ತಿರುಗಿ ನಿಂತೆ. ಅವರು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತ್ರು, ಇಳಿಯುವವರೆಗೆ."

ಲಾರಿಯವನು ಹಾರ್ನ್ ಹೊಡೆದ. ಶೀನ ಎದ್ದು ಬೈರಾಸನ್ನು ತಲೆಗೆ ಸುತ್ತಿಕೊಂಡ.

"ನೀವು ಆಗ ಹೇಳಿದ್ದಿದ್ರೆ ಮಗುವನ್ನು ಕೊಡ್ತಿದ್ದೆ ಸಾರ್," ಎಂದ.